ಗೋಣು ಹಾಕಿದವಳು ನಾನಲ್ಲ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ಹೆಚ್ಚುಕಡಿಮೆಯಾಗಿರಬಹುದು. ಆ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಮಾಡಿದ್ದು ಕಡಲೆಬೇಳೆ ಹೋಳಿಗೆಯೋ ತೊಗರಿಬೇಳೆ ಹೋಳಿಗೆಯೋ ಎಂಬ ಬಗ್ಗೆ ಈಗಲೂ ಎರಡು ಪಕ್ಷಗಳಿವೆ. ನಾನು ಎರಡು ತಿಂದೆ ಎಂದು ನನ್ನ ನೆನಪು. ನಾಲ್ಕು ಎಂದು ಉಳಿದವರ ಸಾಕ್ಷ್ಯ. ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿದವಳು ನಾನು. ಮನುಷ್ಯ ತನ್ನ ನೆನಪನ್ನು ಹೊರಗೆ ತೆಗೆದಾಗಲೆಲ್ಲ ಒಂದಿಷ್ಟು ತಿದ್ದಿಯೇ ಮತ್ತೆ ಒಳಗಿಡುತ್ತಾನೆ ಎಂದು ನಮಗೆ ಪಾಠ ಹೇಳಿದ ಪ್ರಾಧ್ಯಾಪಕರೊಬ್ಬರಿದ್ದರು. ಅವರ ಹೆಸರು ಈಗ ನೆನಪಿಗೆ ಬರುತ್ತಿಲ್ಲ. ಅಂದಿನಿಂದ ನಾನು ನೆನಪನ್ನು ನಂಬದೆ ಡೈರಿ ಬರೆಯುತ್ತೇನೆ. ಆ ಭಾನುವಾರದ ಪುಟವನ್ನು ಆಮೇಲೆ ಎಷ್ಟು ಸಲ ತೆರೆದು ನೋಡಿದೆನೋ ಲೆಕ್ಕವಿಲ್ಲ. ಅಲ್ಲಿರುವುದು ಇಷ್ಟೇ: ‘ಪ್ರಹ್ಲಾದ ಬಂದಿದ್ದ. ಹೋಳಿಗೆ ಚೆನ್ನಾಗಿತ್ತು. ಬಿಸಿಲು.’ ನಮ್ಮ ಮನೆಯ ಇಪ್ಪತ್ತನಾಲ್ಕು ವರ್ಷಗಳಲ್ಲೇ ದೊಡ್ಡದಾದ ಒಂದು ತೀರ್ಮಾನ ಅಂದು ಆಯಿತು, ಅದನ್ನು ತೆಗೆದುಕೊಂಡವಳು ನಾನೇ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಡೈರಿಯಲ್ಲಿ ಅದರ ಸುಳಿವಿಲ್ಲ. ಕಾರಣ ಬಹಳ ಸರಳ. ಆ ಹೊತ್ತಿನಲ್ಲಿ ನಾನು ನಿದ್ದೆ ಮಾಡುತ್ತಿದ್ದೆ.

ನಿದ್ದೆಯ ವಿಷಯದಲ್ಲಿ ನಾನು ಸುಮಾರಾದ ಕಲಾವಿದೆ. ಡೊಂಬಿವ್ಲಿಯಿಂದ ಠಾಣೆಗೆ ಲೋಕಲ್‌ನಲ್ಲಿ ಹೋಗಿ, ಅಲ್ಲಿಂದ ಬಸ್ಸು ಹಿಡಿದು ವಾಗ್ಳೆ ಎಸ್ಟೇಟಿನ ಒಂದು ರಟ್ಟಿನ ಡಬ್ಬಿಗಳ ಕಾರ್ಖಾನೆಯ ಕಚೇರಿಯಲ್ಲಿ ಕುಳಿತು ಬರುವುದು ನನ್ನ ದಿನಚರಿ. ಬೆಳಗಿನ ಆ ಲೋಕಲ್‌ನ ಲೇಡೀಸ್ ಡಬ್ಬಾದಲ್ಲಿ ನಾನು ನಿಂತೇ ನಿದ್ದೆ ಮಾಡುತ್ತೇನೆ. ಇದಕ್ಕೆ ಯೋಗಸಾಧನೆ ಏನೂ ಬೇಕಾಗಿಲ್ಲ. ನಾಲ್ಕೂ ಕಡೆಯಿಂದ ನಾಲ್ವರು ಒತ್ತಿ ಹಿಡಿದಿರುವಾಗ ಬೀಳುವುದಕ್ಕೆ ಜಾಗವಿರುವುದಿಲ್ಲ. ದೇಹ ನೆಟ್ಟಗೆ ನಿಂತಿರುತ್ತದೆ, ತಲೆಯೊಂದು ಮಾತ್ರ ಸ್ವತಂತ್ರ. ಅದು ನಿಧಾನವಾಗಿ ವಾಲುತ್ತದೆ, ಅರ್ಧಕ್ಕೆ ಬಂದು ತಡೆಯುತ್ತದೆ, ಬೆಚ್ಚಿ ಮೇಲೇಳುತ್ತದೆ, ಮತ್ತೆ ವಾಲುತ್ತದೆ. ಎದುರಿಗೆ ನಿಂತವರು ಆಗ ಏನಾದರೂ ಹೇಳುತ್ತಿದ್ದರೆ ನಾನು ಬಹಳ ಶ್ರದ್ಧೆಯಿಂದ ಒಪ್ಪುತ್ತಿರುವಂತೆ ಕಾಣುತ್ತದೆ. ಎಷ್ಟೋ ಹೆಂಗಸರು ತಮ್ಮ ಗಂಡಂದಿರ ಬಗ್ಗೆ ನನ್ನ ಬಳಿ ಮನಸ್ಸು ಬಿಚ್ಚಿ ಮಾತನಾಡಿದ್ದಾರಂತೆ. ನನಗೆ ಒಂದೂ ಗೊತ್ತಿಲ್ಲ. ನನ್ನನ್ನು ಗುಟ್ಟು ಕಾಯುವವಳು ಎಂದು ಅವರು ಹೊಗಳುವುದು ಆದ್ದರಿಂದಲೇ ಇರಬೇಕು.

ಒಮ್ಮೆ ಇದು ವಿಕೋಪಕ್ಕೂ ಹೋಗಿತ್ತು. ದಸರೆಯ ಹಿಂದಿನ ದಿನ ನಮ್ಮ ಡಬ್ಬಾದಲ್ಲಿ ಹೂವಿನ ಮಾಲೆ ಕಟ್ಟಿ, ಆರತಿ ಬೆಳಗಿ, ಪ್ರಸಾದ ಹಂಚುವ ಪದ್ಧತಿಯುಂಟು. ಆ ವರ್ಷ ಇಡೀ ಡಬ್ಬಾಕ್ಕೆ ಸಜ್ಜಿಗೆ ಮಾಡಿಕೊಂಡು ಬರುವ ಹೊಣೆಯನ್ನು ನಾನು ಸಂತೋಷದಿಂದ ವಹಿಸಿಕೊಂಡಿದ್ದೆನಂತೆ. ಹಿಂದಿನ ಸಂಜೆ ಒಬ್ಬರು ‘ತುಪ್ಪ ಧಾರಾಳವಾಗಿಯೇ ಹಾಕಿ’ ಎಂದು ಫೋನು ಮಾಡಿದಾಗಲೇ ನನಗೆ ಈ ಔದಾರ್ಯದ ಸುದ್ದಿ ತಿಳಿದದ್ದು. ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ. ಅತ್ತೆಯವರು ಏನೂ ಕೇಳದೆ ಅಟ್ಟದ ಮೇಲಿಂದ ದೊಡ್ಡ ಪಾತೇಲಿ ಇಳಿಸಿಕೊಂಡು, ಬೆಳಗಾಗುವುದರೊಳಗೆ ರವೆ ಹುರಿದು ಮುಗಿಸಿದ್ದರು. ಡಬ್ಬಾದವರು ಇಂದಿಗೂ ನನ್ನ ಕೈಯ ರುಚಿಯನ್ನು ನೆನೆಯುತ್ತಾರೆ.

ನಮ್ಮ ಧಾರವಾಡದ ಕಡೆ ಒಪ್ಪುವುದಕ್ಕೆ ‘ಗೋಣು ಹಾಕುವುದು’ ಎನ್ನುತ್ತಾರೆ. ಒಳ್ಳೆಯ ಮಾತಲ್ಲ ಅದು. ಬಾಯಿಬಿಟ್ಟು ‘ಹೂಂ’ ಎಂದವನಿಗೆ ಒಂದು ಬೆಲೆಯುಂಟು. ಗೋಣು ಹಾಕಿದವನು ಕೋಲೆಬಸವನ ಜಾತಿಗೆ ಸೇರಿದವನು. ಬಸವನ ಬೆನ್ನ ಮೇಲೆ ಬಣ್ಣದ ಜೂಲು, ಪಕ್ಕದಲ್ಲಿ ವಾಲಗ ಊದುವವನು, ‘ಈ ಮನೆಗೆ ಒಳ್ಳೇದಾಗ್ತದೇನೋ ಬಸವಾ?’ ಎಂದರೆ ಗೋಣು, ‘ಕೆಟ್ಟದ್ದಾಗ್ತದೇನೋ?’ ಎಂದರೂ ಗೋಣು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ನನ್ನ ತೊಂದರೆ ಇನ್ನಷ್ಟು ಹೆಚ್ಚಾಯಿತು. ಪಕ್ಕದ ಮನೆಯ ಉಡುಪಿಯವರು ಒಪ್ಪಿದರೆ ತಲೆಯನ್ನು ಒಂದು ಭುಜದಿಂದ ಇನ್ನೊಂದಕ್ಕೆ ಅಲೆಯಂತೆ ತೂಗುತ್ತಾರೆ. ಕೆಳಗಿನ ಮಹಡಿಯ ಮರಾಠಿಯವರು ಬೇಡವೆನ್ನುವುದಕ್ಕೂ ಸುಮಾರು ಅದನ್ನೇ ಮಾಡುತ್ತಾರೆ, ಅಥವಾ ಹಾಗೆಂದು ನನಗೆ ಅನ್ನಿಸುತ್ತದೆ. ಇಷ್ಟೆಲ್ಲ ವ್ಯಾಕರಣವಿರುವ ಊರಿನಲ್ಲಿ ನಿದ್ದೆಯ ಗೋಣನ್ನು ಯಾರು ಬೇರೆಯಾಗಿ ಓದಬೇಕು?

ಇನ್ನು ಆ ಭಾನುವಾರ. ನಮ್ಮದು ಡೊಂಬಿವ್ಲಿ ಪೂರ್ವದಲ್ಲಿ ಒಂದು ಹಾಲ್, ಒಂದು ಕೋಣೆ, ಒಂದು ಅಡಿಗೆಮನೆಯ ಫ್ಲ್ಯಾಟು. ನಾನು, ನಮ್ಮವರು, ಕಾಲೇಜಿಗೆ ಹೋಗುವ ಮಗಳು ಮೃಣಾಲ್ ಮತ್ತು ಅತ್ತೆಯವರು. ಅತ್ತೆಯವರ ಸ್ಥಾನ ಹಾಲ್‌ನ ದಿವಾನ. ಅಲ್ಲಿ ಕುಳಿತರೆ ಬಾಗಿಲು, ಗ್ಯಾಸಿನ ಒಲೆ, ಟಿ.ವಿ. ಮತ್ತು ನಾನು ನಾಲ್ಕೂ ಕಣ್ಣಳತೆಯಲ್ಲಿರುತ್ತೇವೆ. ನನ್ನ ಮೈದುನ ಪ್ರಹ್ಲಾದ ಟಿಟ್ವಾಳಾದಲ್ಲಿ ಹೊಸ ಫ್ಲ್ಯಾಟು ತೆಗೆದುಕೊಂಡಿದ್ದ. ನಮ್ಮದಕ್ಕಿಂತ ಒಂದು ಕೋಣೆ ಹೆಚ್ಚು, ಗಾಳಿ ಬರುವ ಬಾಲ್ಕನಿ, ಗಣಪತಿಯ ಗುಡಿಗೆ ರಿಕ್ಷಾದಲ್ಲಿ ಹತ್ತು ನಿಮಿಷ. ತಾಯಿಯನ್ನು ಇನ್ನು ಮೇಲೆ ತಾನು ಇಟ್ಟುಕೊಳ್ಳುತ್ತೇನೆ ಎಂದು ಅವನಿಗೆ ಆಸೆ. ಊಟವಾದ ಮೇಲೆ ಎಲ್ಲರೂ ಹಾಲ್‌ನಲ್ಲಿ ಕುಳಿತೆವು. ಅತ್ತೆಯವರು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಪ್ರಹ್ಲಾದ ಗಾಳಿಯಿಂದ ಶುರುಮಾಡಿ ಗಣಪತಿಗೆ ಬಂದ. ಗಾಳಿಯವರೆಗೆ ನನಗೆ ನೆನಪಿದೆ. ಗಣಪತಿ ಬರುವ ಹೊತ್ತಿಗೆ ಹೋಳಿಗೆಯೂ ಫ್ಯಾನೂ ಸೇರಿ ನನ್ನನ್ನು ಗೆದ್ದಿದ್ದವು.

ಆಮೇಲೆ ನಡೆದದ್ದೆಲ್ಲ ಕೇಳಿದ ಮಾತು. ಪ್ರಹ್ಲಾದ ತನ್ನ ಅಣ್ಣನನ್ನು ಕೇಳಿದ. ಅಣ್ಣನಾದವರು ಎಂದಿನಂತೆ ‘ನಿಮ್ಮ ವೈನೀನ ಕೇಳು’ ಎಂದರು. ನಮ್ಮವರು ಮದುವೆಯಾದಂದಿನಿಂದ ಒಂದು ತೀರ್ಮಾನವನ್ನೂ ತೆಗೆದುಕೊಂಡಿಲ್ಲ. ತೆಗೆದುಕೊಂಡ ಕೊನೆಯದು ಮದುವೆಯೇ ಇರಬೇಕು. ವೈನಿ ಎಂದರೆ ಅತ್ತಿಗೆ, ಅಂದರೆ ನಾನು. ಪ್ರಹ್ಲಾದ ನನ್ನ ಕಡೆ ತಿರುಗಿದ.

“ವೈನಿ, ನೀವ ಹೇಳ್ರಿ. ಅವ್ವನ್ನ ನಾ ಕರ್ಕೊಂಡ ಹೋಗ್ಲೇನು?”

ನನ್ನ ತಲೆ ಬಿತ್ತು.

“ವೈನಿ ಗೋಣು ಹಾಕಿದ್ರು,” ಎಂದ ಪ್ರಹ್ಲಾದ. ಮಸೂದೆ ಪಾಸಾಯಿತು.

ಒಪ್ಪಿಗೆ ಕೊಟ್ಟ ಮೇಲೆ ನಾನು ನಿಶ್ಚಿಂತೆಯಿಂದ ಕಣ್ಣು ಮುಚ್ಚಿದೆನೆಂದು ಎಲ್ಲರೂ ತಿಳಿದರಂತೆ. ಮೃಣಾಲ್ ಚಹಾ ತಂದು ಎಬ್ಬಿಸಿದಾಗ ಗುರುವಾರ ಒಳ್ಳೆಯ ದಿನವೆಂದು ಗೊತ್ತುಮಾಡಿ ಆಗಿತ್ತು. ಏನು ಗುರುವಾರ ಎಂದು ನಾನು ಕೇಳಲಿಲ್ಲ. ಚಹಾ ಕುಡಿದು ಮುಗಿಯುವುದರೊಳಗೆ ಮಾತಿನಿಂದ ಮಾತು ಕೂಡಿಸಿ ನನಗೇ ತಿಳಿಯಿತು. ಆಗಲೇ ‘ಅಯ್ಯೋ, ನಾನು ಮಲಗಿದ್ದೆ’ ಎನ್ನಬಹುದಿತ್ತು. ಅನ್ನಲಿಲ್ಲ. ಮನೆಯ ಇಂಥ ಮಾತಿನ ನಡುವೆ ತೂಕಡಿಸಿದೆ ಎಂದು ಒಪ್ಪಿಕೊಳ್ಳುವುದಕ್ಕೆ ನಾಚಿಕೆ, ಅದೊಂದು. ಅತ್ತೆಯವರಿಗೇ ಹೋಗುವ ಮನಸ್ಸಿದ್ದರೆ ನಾನೇಕೆ ಅಡ್ಡ ಬರಲಿ ಎಂಬ ದೊಡ್ಡತನ ಇನ್ನೊಂದು. ಮತ್ತೊಂದೂ ಇತ್ತು. ಹೇಳಿಯೇಬಿಡುತ್ತೇನೆ. ಬೆಳಿಗ್ಗೆ ನಾನು ಕೊತ್ತಂಬರಿ ಹೆಚ್ಚುವಾಗ ‘ಕಡ್ಡಿ ಅಷ್ಟ ದಪ್ಪ ಬಿಡಬಾರದವಾ’ ಎನ್ನುವವರಿಲ್ಲದ ಒಂದು ಅಡಿಗೆಮನೆ, ಮಧ್ಯಾಹ್ನ ಕಾಲು ಚಾಚಿ ಮಲಗಲು ಒಂದು ಖಾಲಿ ದಿವಾನ, ಇವೆರಡರ ಚಿತ್ರ ಚಹಾದ ಹಬೆಯಲ್ಲಿ ನನ್ನ ಕಣ್ಣ ಮುಂದೆ ಹಾದುಹೋಯಿತು. ಹೀಗೆ ಭಾನುವಾರ ಹೋಯಿತು, ಸೋಮವಾರ ಅವರ ಸೀರೆಗಳು ಬ್ಯಾಗಿಗೆ ಇಳಿದವು, ಮಂಗಳವಾರ ದೇವರ ಸಂಪುಟ, ಬುಧವಾರ ಔಷಧಿಯ ಡಬ್ಬಿ. ಪ್ರತಿ ದಿನವೂ ಇವತ್ತು ಹೇಳುತ್ತೇನೆ ಎಂದುಕೊಂಡೆ. ಗುರುವಾರ ಬಾಗಿಲಲ್ಲಿ ನಮಸ್ಕಾರ ಮಾಡಿದಾಗ ಅತ್ತೆಯವರು ‘ನೀರು ಐದೂವರೆಗೆ ಬರ್ತದ’ ಎಂದರು. ಅಷ್ಟೇ ಅವರ ಉಪದೇಶ.

ನೀರು ಐದೂವರೆಗೆ ಬಂದು ಆರಕ್ಕೆ ಹೋಗುತ್ತದೆಂಬುದು ಇಪ್ಪತ್ತನಾಲ್ಕು ವರ್ಷ ಅದೇ ಮನೆಯಲ್ಲಿದ್ದ ನನಗೆ ಗೊತ್ತಿರಲಿಲ್ಲ. ನನ್ನ ಪಾಲಿಗೆ ನಮ್ಮ ಮನೆಯ ಡ್ರಮ್ಮು ತುಂಬಿಯೇ ಇರುತ್ತಿದ್ದ ವಸ್ತು. ಹಾಲು ಉಕ್ಕುವ ಮೊದಲೇ ಒಲೆ ಆರುತ್ತಿತ್ತು. ಮಳೆ ಬರುವ ಮೊದಲೇ ಬಟ್ಟೆ ಒಳಗೆ ಬರುತ್ತಿದ್ದವು. ನಮ್ಮವರ ಕನ್ನಡಕ ಸಿಕ್ಕುತ್ತಿತ್ತು. ಇವೆಲ್ಲ ಯಾರೋ ಮಾಡುವ ಕೆಲಸಗಳು ಎಂಬುದು ಮಾಡುವವರು ಹೋದ ಮೊದಲ ವಾರದಲ್ಲೇ ತಿಳಿಯಿತು. ಆ ವಾರ ಹಾಲು ಮೂರು ಸಲ ಉಕ್ಕಿತು. ಒಂದು ದಿನ ಸ್ನಾನಕ್ಕೆ ನೀರಿಲ್ಲದೆ ಮೃಣಾಲ್ ಗೆಳತಿಯ ಮನೆಗೆ ಬಕೆಟ್ಟಿನ ಸಮೇತ ಹೋದಳು. ಆದರೂ ನಾನು ಸೋಲಲಿಲ್ಲ. ಶನಿವಾರ ಮಧ್ಯಾಹ್ನ ಬಹುದಿನದ ಕನಸಿನಂತೆ ದಿವಾನದ ಮೇಲೆ ಕಾಲು ಚಾಚಿ, ಅತ್ತೆಯವರು ಮರೆತುಹೋದ ದಿಂಬಿಗೆ ತಲೆಯಿಟ್ಟು ಮಲಗಿದೆ. ಹಳೆಯ ಹತ್ತಿಯ ದಿಂಬು. ಎಷ್ಟು ಗಟ್ಟಿಯೆಂದರೆ ಅದರ ಮೇಲೆ ಶಾವಿಗೆ ಹೊಸೆಯಬಹುದು. ಎದ್ದಾಗ ನನ್ನ ಮೂಗು ಎಡ ಭುಜದ ಕಡೆ ತಿರುಗಿತ್ತು. ಉಳಿದ ಶರೀರ ಮುಂದಕ್ಕೆ ನೋಡುತ್ತಿತ್ತು.

ಕುತ್ತಿಗೆ ಹಿಡಿದುಕೊಂಡವರನ್ನು ನೋಡಿ ನಾನು ಎಷ್ಟೋ ಸಲ ಒಳಗೊಳಗೇ ನಕ್ಕಿದ್ದೇನೆ. ಆ ಪಾಪವೆಲ್ಲ ಒಟ್ಟಿಗೆ ಬಂತು. ಸೋಮವಾರ ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ನನ್ನ ಎಡಗಡೆ ನಡೆಯುತ್ತಿದ್ದ ಗೃಹಸ್ಥರೊಬ್ಬರು ಮೊದಲು ತಮ್ಮ ಅಂಗಿಯ ಗುಂಡಿ ನೋಡಿಕೊಂಡರು, ಆಮೇಲೆ ಕೂದಲು ಸರಿಮಾಡಿಕೊಂಡರು, ಕೊನೆಗೆ ಹೆದರಿ ಹೆಜ್ಜೆ ಬಿರುಸು ಮಾಡಿದರು. ಕಚೇರಿಯಲ್ಲಿ ಸಾಹೇಬರು ಮಾತನಾಡುವಾಗ ನಾನು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದೆ. ನನಗೆ ರಜೆ ಬೇಕಾಗಿದೆ ಎಂದು ಅವರೇ ಊಹಿಸಿ ಅರ್ಧ ದಿನ ಬಿಟ್ಟರು.

ಆ ಅರ್ಧ ದಿನದಲ್ಲಿ ಠಾಣೆಯಲ್ಲೇ ಒಬ್ಬ ನರರೋಗದ ಡಾಕ್ಟರ ಬಳಿ ಹೋದೆ. ಉಡುಪಿ ಕಡೆಯ ಹೆಣ್ಣುಮಗಳು. ತಂದೆ ಹೋಟೆಲು ನಡೆಸಿ ಓದಿಸಿದ್ದಂತೆ. ನನ್ನ ಕುತ್ತಿಗೆಯನ್ನು ಮೆಲ್ಲಗೆ ಒತ್ತಿ ನೋಡಿ, ದಿಂಬು ಹೊಸದೇ ಎಂದು ಕೇಳಿದರು. ಹಳೆಯದು, ಅತ್ತೆಯದು ಎಂದೆ. ಅದಕ್ಕಿಂತ ಹೆಚ್ಚಿನ ಪರೀಕ್ಷೆ ಬೇಡವೆಂದು ಅವರಿಗೆ ಅನ್ನಿಸಿರಬೇಕು. ಸ್ನಾಯು ಸೆಟೆದುಕೊಂಡಿದೆ, ಒಂದು ವಾರ ಕಾಲರ್ ಪಟ್ಟಿ ಹಾಕಿಕೊಳ್ಳಿ, ಬಿಸಿ ಶಾಖ ಕೊಡಿ ಎಂದರು. ನಾನು ಏಳಲಿಲ್ಲ. ನಾನು ಹೋದದ್ದು ಕುತ್ತಿಗೆಗಾಗಿ ಅಷ್ಟೇ ಅಲ್ಲ. ಕುತ್ತಿಗೆ ಆಡುವುದು ಯಾರ ಮಾತಿನ ಮೇಲೆ ಎಂದು ಕೇಳಿದೆ.

“ತಲೆ ಅಂದ್ರೆ ನಾಲ್ಕೈದು ಕಿಲೋ ಉಂಟು ಮಾರಾಯ್ರೆ, ಒಂದು ದೊಡ್ಡ ಕಲ್ಲಂಗಡಿ ಹಣ್ಣಿನ ಹಾಗೆ. ಅದನ್ನು ಇಡೀ ದಿನ ಎತ್ತಿ ಹಿಡ್ಕೊಂಡಿರುದು ನೀವು ಅಂತ ಎಣಿಸಿದ್ದೀರಾ?”

ನಾನೇ ಎಂದುಕೊಂಡಿದ್ದೆ. ಅಲ್ಲವಂತೆ. ದೊಡ್ಡ ಮಿದುಳಿನ ಕೆಳಗೆ, ಬೆನ್ನುಹುರಿ ಶುರುವಾಗುವ ಕಡೆ, ಹೆಬ್ಬೆರಳಿನಷ್ಟು ಒಂದು ಕಾಂಡವಿದೆಯಂತೆ. ನಮ್ಮ ಒಳಕಿವಿಯಲ್ಲಿ ನೀರು ತುಂಬಿದ ಪುಟ್ಟ ಕೊಳವೆಗಳಿವೆ. ತಲೆ ಕೂದಲೆಳೆಯಷ್ಟು ವಾಲಿದರೂ ಅಲ್ಲಿಂದ ಸುದ್ದಿ ಬರುತ್ತದೆ. ಕಣ್ಣಿನಿಂದ ಇನ್ನೊಂದು ಸುದ್ದಿ. ಕುತ್ತಿಗೆಯ ಸ್ನಾಯುಗಳು ತಾವೆಷ್ಟು ಜಗ್ಗಿಕೊಂಡಿದ್ದೇವೆ ಎಂದು ಮತ್ತೊಂದು ಸುದ್ದಿ ಕಳಿಸುತ್ತವೆ. ಈ ಮಿದುಳಕಾಂಡ ಎಲ್ಲವನ್ನೂ ಕೇಳಿಕೊಂಡು, ಈ ಸ್ನಾಯುವಿಗೆ ಬಿಗಿ, ಆ ಸ್ನಾಯುವಿಗೆ ಸಡಿಲ ಎಂದು ಕ್ಷಣಕ್ಷಣಕ್ಕೂ ಹೇಳುತ್ತಲೇ ಇರುತ್ತದೆ. ಹಿಂದೆ ಪಾತ್ರೆ ಬಿದ್ದ ಸದ್ದಾದರೆ ಏನೆಂದು ನಾವು ಯೋಚಿಸುವ ಮೊದಲೇ ತಲೆ ಅತ್ತ ತಿರುಗಿರುತ್ತದೆ. ದೊಡ್ಡ ಮಿದುಳು ಬೇಕಾದರೆ ‘ಎಡಕ್ಕೆ ನೋಡು’ ಎಂದು ಅರ್ಜಿ ಹಾಕಬಹುದು. ತಲೆ ಬೀಳದಂತೆ ಅದನ್ನು ನಡೆಸಿಕೊಡುವ ವ್ಯವಸ್ಥೆಯಲ್ಲಿ ಬಹುಪಾಲು ಕೆಳಗಿನವರದು. ನಿದ್ದೆ ಬಂದಾಗ ಇದೇ ಕಾಂಡ ಸ್ನಾಯುಗಳ ಬಿಗಿಯನ್ನು ಇಳಿಸುತ್ತದೆ. ತಲೆ ಬೀಳುತ್ತದೆ. ಒಳಕಿವಿ ಬಿತ್ತು ಬಿತ್ತು ಎಂದು ಕೂಗುತ್ತದೆ. ಕಾಂಡ ಗಾಬರಿಯಿಂದ ಎತ್ತಿ ನಿಲ್ಲಿಸುತ್ತದೆ. ನೋಡಿದವರು ಗೋಣು ಹಾಕಿದಳು ಎನ್ನುತ್ತಾರೆ.

ನಾನು ಕೇಳಿದೆ: ಹಾಗಾದರೆ ನಿದ್ದೆಯಲ್ಲಿ ಹಾಕಿದ ಗೋಣು ಒಪ್ಪಿಗೆಯೋ ಅಲ್ಲವೋ? ಡಾಕ್ಟರು ಕೋರ್ಟಿನ ವ್ಯವಹಾರವೇನಾದರೂ ಉಂಟೇ ಎಂದು ವಿಚಾರಿಸಿದರು. ಇಲ್ಲವೆಂದ ಮೇಲೆ ಹೇಳಿದರು:

“ಅದು ಬೀಳುದು ಮಾರಾಯ್ರೆ, ಒಪ್ಪುದಲ್ಲ.”

ಇಷ್ಟು ಹಗುರವಾಗಿ ನಾನು ಯಾವ ಆಸ್ಪತ್ರೆಯಿಂದಲೂ ಹೊರಬಂದಿಲ್ಲ. ಎಂ.ಎ. ಮಾಡುವಾಗ ನಾವು ಮನಸ್ಸನ್ನು ಅಷ್ಟೊಂದು ಓದಿದೆವು, ಅದರ ಕೆಳಗಿನ ಈ ಹೆಬ್ಬೆರಳನ್ನು ಯಾರೂ ತೋರಿಸಿರಲಿಲ್ಲ. ಅಥವಾ ತೋರಿಸಿದ ದಿನ ನಾನು ಹಿಂದಿನ ಬೆಂಚಿನಲ್ಲಿ ಗೋಣು ಹಾಕುತ್ತಿದ್ದಿರಬೇಕು. ಮನೆಗೆ ಬಂದು ಮೃಣಾಲಳಿಗೆ ಇಡೀ ಮಿದುಳಕಾಂಡವನ್ನು ವಿವರಿಸಿದೆ. ತಪ್ಪು ನನ್ನದಲ್ಲ, ಕಾಂಡದ್ದು ಎಂದೆ. ಅವಳು ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಕೇಳಿಸಿಕೊಳ್ಳುತ್ತಾಳೆ, ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತದೆ. ಅವಳ ಗೆಳೆಯರ ಹಿಂದಿಯಲ್ಲಿ ಕಾಂಡ ಎಂದರೆ ಭಾನಗಡಿ, ಹಗರಣ. “ಹಾಂ ಮಮ್ಮಾ, ಕಾಂಡ್ ತೋ ತುಮ್ನೇ ಕಿಯಾ ಹೈ,” ಮಾಡಿದವಳು ನೀನೇ, ಎಂದು ಮೊಬೈಲಿಗೆ ಮರಳಿದಳು.

ಆ ಕಾಂಡಕ್ಕೆ ತನ್ನದೊಂದು ಅಧ್ಯಾಯವನ್ನು ಅವಳು ಮರುದಿನವೇ ಸೇರಿಸಿದಳು. ಹುಬ್ಬಳ್ಳಿಯಲ್ಲಿರುವ ನನ್ನ ನಾದಿನಿ ಶಾರದಾ ಫೋನು ಮಾಡಿದ್ದಳು. ನಾನು ಕುತ್ತಿಗೆಗೆ ಶಾಖ ಕೊಟ್ಟುಕೊಳ್ಳುತ್ತಿದ್ದೆ, ಮೃಣಾಲ್ ಎತ್ತಿಕೊಂಡಳು. ಶಾರದಾ ಅತ್ಯಾನ ಹತ್ತಿರ ಮಾತ್ರ ಅವಳು ಹಟದಿಂದ ಕನ್ನಡ ಆಡುತ್ತಾಳೆ. ಗೊತ್ತಿಲ್ಲದ ಕಡೆ ಮರಾಠಿ ಶಬ್ದಕ್ಕೆ ಕನ್ನಡದ ಬಾಲ ಕಟ್ಟುತ್ತಾಳೆ. ಕುತ್ತಿಗೆಗೆ ಮರಾಠಿಯಲ್ಲಿ ‘ಮಾನ’ ಎನ್ನುತ್ತಾರೆ. ಅಡಿಗೆಮನೆಯಿಂದ ನನಗೆ ಕೇಳಿಸಿತು:

“ಅತ್ಯಾ, ಅಮ್ಮನ ಮಾನ ಹೋಗೇದ.”

ಆ ಕಡೆಯಿಂದ ಏನೋ ಪ್ರಶ್ನೆ ಬಂತು.

“ಅಜ್ಜಿ ಹೋದ ಮ್ಯಾಲ. ಪೂರಾ ಹೋಗೇದ. ಆಫೀಸಿನ್ಯಾಗ ಎಲ್ಲಾರೂ ನೋಡ್ಲಿಕತ್ತಾರ. ಡಾಕ್ಟರ್ ಪಟ್ಟಾ ಕಟ್ಯಾರ.”

ನಾನು ಓಡಿಬಂದೆ. ಆದರೆ ಕುತ್ತಿಗೆ ತಿರುಗದವಳು ಓಡುವುದೆಂದರೆ ಮೊದಲು ಶರೀರವನ್ನೆಲ್ಲ ತಿರುಗಿಸಿಕೊಳ್ಳಬೇಕು; ಬರುವಷ್ಟರಲ್ಲಿ ಫೋನು ಇಟ್ಟಾಗಿತ್ತು. ಅರ್ಧ ಗಂಟೆಗೆ ಶಾರದಾ ನನಗೇ ಮಾಡಿದಳು. ಅವಳ ಧ್ವನಿ ಹಿಂದೆಂದೂ ಇಲ್ಲದಷ್ಟು ಮೆತ್ತಗಿತ್ತು. “ವೈನಿ, ಮಾನ ಹೋಗೇದ ಅಂತ ತಾವ ಒಪ್ಕೊಂಡ್ರೆಲ್ಲ, ಅದ ದೊಡ್ಡ ಮಾತ ನೋಡ್ರಿ. ಬ್ಯಾರೆಯವ್ರಾಗಿದ್ರ ಒಪ್ಕೋತಿದ್ದಿಲ್ಲ,” ಎಂದು ಶುರುಮಾಡಿದಳು. ಮರ್ಯಾದೆ ಹೋದದ್ದಕ್ಕೆ ಡಾಕ್ಟರು ಪಟ್ಟಿ ಹೇಗೆ ಕಟ್ಟಿದರು ಎಂಬುದು ಅವಳಿಗೆ ಹೊಳೆಯಲಿಲ್ಲವೋ, ಮುಂಬಯಿಯ ಕಡೆ ಅಂಥ ಡಾಕ್ಟರೂ ಇರುತ್ತಾರೆ ಎಂದುಕೊಂಡಳೋ. ಅದು ಕುತ್ತಿಗೆ ಶಾರದಾ, ಕುತ್ತಿಗೆ ಎಂದು ನಾನು ಎರಡು ಸಲ ಹೇಳಿದೆ. ನನ್ನ ಧ್ವನಿ ನೋವಿನಿಂದ ನಡುಗುತ್ತಿತ್ತು, ಅವಳು ಅದನ್ನು ಅಳು ಎಂದುಕೊಂಡು ಸಮಾಧಾನ ಮಾಡಿದಳು. ಆಮೇಲೆ ಹೇಳಿದ ಮಾತು ಮಾತ್ರ ತಮಾಷೆಯಾಗಿರಲಿಲ್ಲ. ಅತ್ತೆಯವರು ಟಿಟ್ವಾಳಾಕ್ಕೆ ಹೋದಮೇಲೆ ಒಂದು ಸಲವೂ ಗಣಪತಿಯ ಗುಡಿಗೆ ಹೋಗಿಲ್ಲವಂತೆ. ಬಾಲ್ಕನಿಯಲ್ಲಿ ಕುಳಿತಿರುತ್ತಾರಂತೆ. ಯಾಕವ್ವಾ ಎಂದು ಶಾರದಾ ಕೇಳಿದ್ದಕ್ಕೆ, ನನ್ನ ಹೆಸರೆತ್ತಿ, “ಸುಮಿತ್ರಾ ಇಪ್ಪತ್ತನಾಕ ವರ್ಷದಾಗ ಒಮ್ಮೆ ಬಾಯಿ ಬಿಟ್ಟ ಹೋಗ್ರಿ ಅಂದಿದ್ರ ಜಗಳಾ ಆಡತಿದ್ದೆ. ಗೋಣು ಹಾಕಿದಾಕಿ ಜೋಡಿ ಏನ ಜಗಳಾ ಆಡ್ಲಿ,” ಎಂದರಂತೆ.

ಆ ಮಾತು ಕಾಲರ್ ಪಟ್ಟಿಯ ಒಳಗೆ ಹೋಗಿ ಕುಳಿತಿತು. ಅತ್ತೆಯವರು ಹಾಗೆ ತಿಳಿದುಕೊಂಡೇ ಉಳಿದರೆ ಮುಂದೆ ಅವರಿಗೆ ನಾನು ಯಾರು, ನನಗೆ ಅವರು ಯಾರು? ಹಬ್ಬಕ್ಕೆ ಹೋಗಿ ಸೀರೆ ಕೊಟ್ಟು ನಮಸ್ಕಾರ ಮಾಡಿ ಬರುವ ನೆಂಟರಾಗಿಬಿಡುತ್ತೇವೆ. ಕೊತ್ತಂಬರಿಯ ಕಡ್ಡಿಯ ಬಗ್ಗೆ ಅವರು ನನಗೆ ಇನ್ನೆಂದೂ ಏನೂ ಹೇಳುವುದಿಲ್ಲ. ಅಡಿಗೆಮನೆಯಲ್ಲಿ ನಾನು ಬಯಸಿದ್ದ ಆ ಮೌನ ಅಲ್ಲಿ ಆಗಲೇ ಇತ್ತು, ಚೆನ್ನಾಗಿರಲಿಲ್ಲ. ಮುಂದಿನ ಭಾನುವಾರವೇ ಹೋಗಿ ನಡೆದದ್ದನ್ನು ಹೇಳಿ ಕರೆದುಕೊಂಡು ಬರುವುದೆಂದು ನಿಶ್ಚಯಿಸಿದೆ. ನಮ್ಮವರು ಹೂಂ ಎಂದರು, ಬಾಯಿಬಿಟ್ಟೇ.

ಟಿಟ್ವಾಳಾದ ಲೋಕಲ್‌ನಲ್ಲಿ ಕಾಲರ್ ನೋಡಿ ಒಬ್ಬಾಕೆ ಜಾಗ ಬಿಟ್ಟುಕೊಟ್ಟಳು. ಕಲ್ಯಾಣ ದಾಟಿ, ಶಹಾಡ್ ದಾಟಿ, ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಭಾಷಣ ತಯಾರು ಮಾಡಿದೆ. ಒಳಕಿವಿಯಿಂದ ಶುರುಮಾಡಬೇಕು, ಡಾಕ್ಟರ ಹೆಸರು ನಡುವೆ ತರಬೇಕು, ಬೀಳುವುದು ಬೇರೆ, ಒಪ್ಪುವುದು ಬೇರೆ ಎಂದು ಮುಗಿಸಬೇಕು. ಪಟ್ಟಿ ಕಟ್ಟಿದ್ದರಿಂದ ತಲೆ ಒಂದು ಚೂರೂ ವಾಲಲಿಲ್ಲ. ಇಪ್ಪತ್ತನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ನಾನು ಲೋಕಲ್‌ನಲ್ಲಿ ಎಚ್ಚರವಾಗಿದ್ದೆ. ಪ್ರಯಾಣ ಇಷ್ಟು ಉದ್ದವಿರುತ್ತದೆಂದು ಆಗಲೇ ತಿಳಿದದ್ದು.

ಪ್ರಹ್ಲಾದನ ಮನೆಯವರು ಬಜಾರಕ್ಕೆ ಹೋಗಿದ್ದರು. ಅತ್ತೆಯವರು ಬಾಲ್ಕನಿಯಲ್ಲಿ ಮೆಂತ್ಯದ ಸೊಪ್ಪು ಸೋಸುತ್ತ ಕುಳಿತಿದ್ದರು. ಸ್ವಲ್ಪ ಇಳಿದಂತೆ ಕಂಡರು, ಅಥವಾ ನನಗೆ ಹಾಗೆ ಕಾಣಬೇಕೆಂದಿತ್ತೋ. ನನ್ನನ್ನು ಕೂಡಿಸಿ, ಕಾಲರನ್ನು ಬೆರಳಿನಿಂದ ಮುಟ್ಟಿ ನೋಡಿ, “ಇಷ್ಟನ ಏನು ಹೋಗಿದ್ದ ಮಾನ?” ಎಂದು ನಕ್ಕರು. ಶಾರದಾ ಆಗಲೇ ಫೋನಿನಲ್ಲಿ ಸುದ್ದಿ ಮುಟ್ಟಿಸಿದ್ದಳು. ಐವತ್ತು ವರ್ಷ ಡೊಂಬಿವ್ಲಿಯಲ್ಲಿ ಕಳೆದವರಿಗೆ ಮೊಮ್ಮಗಳ ಮರಾಠಿ ಮೊದಲ ಮಾತಿಗೇ ತಿಳಿದಿತ್ತು. ಶಾರದಾಳಿಗೆ ಯಾಕೆ ಬಿಡಿಸಿ ಹೇಳಲಿಲ್ಲ ಎಂದರೆ, ಆಕೆ ಅಷ್ಟು ಹುರುಪಿನಿಂದ ಮಾತನಾಡುತ್ತಿದ್ದಳು, ನಡುವೆ ಯಾಕೆ ತಡೆಯಲಿ ಎಂದು ಸುಮ್ಮನಿದ್ದರಂತೆ.

ನಾನು ಭಾಷಣ ಶುರುಮಾಡಿದೆ. ಒಳಕಿವಿ ಹೇಳಿದೆ, ಕೊಳವೆ ಹೇಳಿದೆ. ಮಿದುಳಕಾಂಡ ಎಲ್ಲಿದೆ ಎಂದು ತೋರಿಸುವುದಕ್ಕೆ ತಲೆಯ ಹಿಂದೆ ಕೈಯಿಟ್ಟು ನೋಯಿಸಿಕೊಂಡೆ. ಯಾರಿಗೂ ಹೇಳದೆ ಕೇಳದೆ ಇಡೀ ದಿನ ತಲೆಯನ್ನು ಎತ್ತಿ ಹಿಡಿದಿರುತ್ತದೆ, ಹಾಲು ಉಕ್ಕುವ ಮೊದಲೇ ಒಲೆ ಆರಿಸುವ ನಿಮ್ಮ ಹಾಗೆ ಎಂದೆ. ಈ ಮಾತು ಭಾಷಣದಲ್ಲಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ಅತ್ತೆಯವರು ಸೊಪ್ಪು ಸೋಸುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು. ಕೊನೆಯಲ್ಲಿ, ಅವತ್ತು ಪ್ರಹ್ಲಾದ ಕೇಳಿದಾಗ ನಾನು ಗೋಣು ಹಾಕಲೇ ಇಲ್ಲ, ನನಗೆ ನಿದ್ದೆ ಹತ್ತಿತ್ತು, ತಲೆ ಬಿತ್ತು, ಅಷ್ಟೇ, ನೀವು ಮನೆಗೆ ನಡೆಯಿರಿ ಎಂದೆ.

“ಇದನ್ನ ಹೇಳ್ಲಿಕ್ಕೆ ಡಾಕ್ಟರ ತನಕಾ ಯಾಕ ಹೋದಿ?” ಎಂದರು ಅತ್ತೆಯವರು. “ಹೂಂ ಅನ್ನೂಮುಂದ ನಿನ್ನ ತಲಿ ಮುಂದ ಬರ್ತದ. ನಿದ್ದಿ ಬಂದ್ರ ಎಡಕ್ಕ ಬೀಳ್ತದ. ನನಗ ಗೊತ್ತಿಲ್ಲೇನು? ಅವತ್ತ ಎಡಕ್ಕನ ಬಿತ್ತು, ನನ್ನ ಭುಜದ ಮ್ಯಾಲ. ಕೈ ಆಡಿಸಿದ್ರ ಎಚ್ಚರಾಗ್ತಿ ಅಂತ ನಾ ಬತ್ತಿ ಹೊಸ್ಯೂದ ಬಿಟ್ಟ ಕೂತಿದ್ದೆ, ಚಹಾ ಬರೂತನಕಾ.”

ನನ್ನ ನೆನಪಿನಲ್ಲಿ ನಾನು ಒರಗಿದ್ದು ಗೋಡೆಗೆ. ತಣ್ಣಗಿತ್ತು ಎಂದೂ ನೆನಪಿತ್ತು. ಪ್ರಾಧ್ಯಾಪಕರು ಹೇಳಿದ್ದು ಇದನ್ನೇ ಇರಬೇಕು. ಮನುಷ್ಯ ತನಗೆ ಅನುಕೂಲವಾಗುವಂತೆ ಅತ್ತೆಯ ಭುಜವನ್ನೂ ಗೋಡೆ ಮಾಡಿಕೊಳ್ಳುತ್ತಾನೆ. ಅಂದರೆ ಆ ಕೋಣೆಯಲ್ಲಿ ನಾನು ಒಪ್ಪಿಲ್ಲ ಎಂಬುದು ಗೊತ್ತಿದ್ದ ಒಬ್ಬರೇ ಒಬ್ಬರು ಅತ್ತೆಯವರು. ನನ್ನ ತಲೆಯ ಭಾರವನ್ನು ಭುಜದ ಮೇಲೆ ಹೊತ್ತುಕೊಂಡೇ ಅವರು ತಮ್ಮ ಮಗ ‘ವೈನಿ ಗೋಣು ಹಾಕಿದ್ರು’ ಎಂದದ್ದನ್ನು ಕೇಳಿದ್ದರು. ಗುರುವಾರ ಒಳ್ಳೆಯದೆಂದು ಹೇಳಿದ್ದೂ ಅವರೇ ಇರಬೇಕು, ಪಂಚಾಂಗ ನೋಡುವುದು ಅವರೇ. ಮೇಲಾಗಿ ಶಾರದಾಳ ಹತ್ತಿರ ಗೋಣಿನ ಮಾತೇ ಆಡಿದ್ದರು. ಮಗನ ಮನೆಗೆ ಹೋಗುವ ಆಸೆ ಅವರಿಗೇ ಇತ್ತೋ, ನಾನು ಎದ್ದು ‘ಬ್ಯಾಡ್ರಿ’ ಎನ್ನುತ್ತೇನೋ ಇಲ್ಲವೋ ಎಂದು ಕಾದು ನೋಡಿದರೋ ನನಗೆ ತಿಳಿಯಲಿಲ್ಲ. ಭಾಷಣದ ಉಳಿದದ್ದು ಮರೆತುಹೋಯಿತು. ಕೇಳಿಬಿಟ್ಟೆ:

“ಅತ್ತೀ, ಗೊತ್ತಿದ್ದೂ ಯಾಕ ಸುಮ್ಮನ ಕೂತ್ರಿ? ನನ್ನ ಎಬ್ಬಸಬೇಕಿತ್ತಲ್ಲ?”

ಅತ್ತೆಯವರು ಮೆಂತ್ಯದ ಕಡ್ಡಿಗಳನ್ನು ಒಂದು ಕಡೆ ಮಾಡಿದರು. ಇಲ್ಲಿ ನೀರು ನಾಲ್ಕಕ್ಕೆ ಬರುತ್ತದೆ ಎಂದು ಹೇಳಿ, ಮೊಣಕಾಲಿನ ಮೇಲೆ ಕೈಯೂರಿ ಎದ್ದು ಒಳಗೆ ಹೋದರು. ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳುತ್ತ ನಾನು ಕುಳಿತಿದ್ದೆ. ಅದಾಗಿ ಮೂರು ಭಾನುವಾರಗಳಾದವು. ಕುತ್ತಿಗೆ ಸರಿಹೋಗಿದೆ, ನಾನು ಪ್ರತಿ ವಾರವೂ ಟಿಟ್ವಾಳಾಕ್ಕೆ ಹೋಗಿಬರುತ್ತೇನೆ. ಸಾಂಬಾರಪುಡಿಯ ಬಗ್ಗೆ ಮಾತಾಗುತ್ತದೆ, ಮೃಣಾಲಳ ಪರೀಕ್ಷೆಯ ಬಗ್ಗೆ ಆಗುತ್ತದೆ, ಬರುತ್ತೀರಾ ಎಂದರೆ ‘ನೋಡೂಣು’ ಎನ್ನುತ್ತಾರೆ. ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಬಂದಿಲ್ಲ. ಇನ್ನೊಮ್ಮೆ ಕೇಳುವ ಧೈರ್ಯ ನನಗೂ ಆಗಿಲ್ಲ. ಆ ಗುರುವಾರದ ತನಕ ನಾಲ್ಕು ದಿನ ನಾನು ಪೂರ್ತಿ ಎಚ್ಚರವಾಗಿಯೇ ಇದ್ದೆನಲ್ಲ.